ಹಳೆಯ ಗಾಡಿ, ಪರವೂರಿನ ಗ್ಯಾರೇಜು

ಸ್ವಂತ ಊರಿನಲ್ಲಿ ಗಾಡಿ ಕೆಟ್ಟರೆ ಅಷ್ಟು ಚಿಂತೆ ಇಲ್ಲ. ಧಾರವಾಡದ ಗ್ಯಾರೇಜಿನವನು ನಮ್ಮ ಅಪ್ಪನನ್ನೂ ಬಲ್ಲ, ನಮ್ಮ ಮಾವನ ಸ್ಕೂಟರನ್ನೂ ಬಲ್ಲ. ಕೀಲಿ ಕೊಟ್ಟು "ನೋಡಪಾ, ಏನೋ ಆಗೇದ" ಅಂದು ಚಹಾ ಕುಡಿಯಲು ಹೋದರಾಯಿತು. ಬಿಲ್ ಜಾಸ್ತಿ ಹಚ್ಚಿದರೆ ಸಂಜೆ ಮಾರ್ಕೆಟ್ಟಿನಲ್ಲಿ ಮುಖ ತೋರಿಸಬೇಕಲ್ಲ ಎಂಬ ಅಂಜಿಕೆ ಅವನಿಗೂ ಇರುತ್ತದೆ. ಪರವೂರಿನಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ನಮ್ಮ ಗಾಡಿಯ ಬೇನೆಯನ್ನು ನಾವೇ ಗುರುತಿಸಿ, ಅವರ ಭಾಷೆಯಲ್ಲಿ ಬಿಡಿಸಿ ಹೇಳಬೇಕು.

ನಾನು ಪುಣೆಗೆ ವರ್ಗವಾಗಿ ಬಂದದ್ದು 1998ರಲ್ಲಿ. 2001ರಲ್ಲಿ ಬ್ಯಾಂಕಿನ ಸಿಬ್ಬಂದಿ ಸಾಲ ತೆಗೆದು ಒಂದು ಮಾರುತಿ 800 ಕೊಂಡೆ. 1983ರ ಡಿಸೆಂಬರಿನಲ್ಲಿ ರಸ್ತೆಗೆ ಬಂದ ಆ ಪುಟ್ಟ ಕಾರಿನ ತಯಾರಿಕೆ 2014ರ ಜನವರಿಗೆ ನಿಂತಿತು. ನಮ್ಮದು ಮಾತ್ರ ನಿಲ್ಲಲಿಲ್ಲ. ಹದಿನೈದು ವರ್ಷ ತುಂಬಿದಾಗ ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಮತ್ತೆ ಐದು ವರ್ಷಕ್ಕೆ ನೋಂದಣಿ ಮಾಡಿಸಿದೆ. "ಇನ್ನರೆ ಮಾರ್ರಿ ಅಪ್ಪಾ" ಎಂದ ಮಗ. ಆದರೆ ಧಾರವಾಡದಲ್ಲಿ ಅವ್ವ ಒಬ್ಬಳೇ ಇದ್ದಳು. ಪುಣೆಯ ಫ್ಲ್ಯಾಟಿಗೆ ಬಾ ಎಂದರೆ "ಅಂಗಳ ಇಲ್ಲದ ಮನೀಗೆ ನಾ ಬರಂಗಿಲ್ಲ" ಎನ್ನುತ್ತಿದ್ದಳು. ನಾನೂರು ಕಿಲೋಮೀಟರಿನ ಆಜುಬಾಜು ದಾರಿ. ಯಾವ ಹೊತ್ತಿನಲ್ಲಿ ಫೋನ್ ಬಂದರೂ ಗಾಡಿ ಹೊರಡುವಂತಿರಬೇಕು. ನನಗೆ ಬೇಕಾದದ್ದು ಅಷ್ಟೇ.

2019ರ ಜನವರಿಯಲ್ಲಿ ಅವ್ವನಿಗೆ ಕಣ್ಣಿನ ಪೊರೆಯ ಆಪರೇಷನ್ ಗೊತ್ತಾಯಿತು. ಸೋಮವಾರ ಆಪರೇಷನ್. ಅದರ ಹಿಂದಿನ ಗುರುವಾರ ನಮ್ಮ ಗಾಡಿಯ ರಿವರ್ಸ್ ಗೇರು ಬೀಳಲೊಲ್ಲದು. ಒತ್ತಿದರೆ ಕರ್ರ್ ಎಂದು ಕಲ್ಲು ಅರೆದ ಸದ್ದು. ಹತ್ತಿರದ ಗ್ಯಾರೇಜಿನವನು ಒಂದು ಸುತ್ತು ಓಡಿಸಿ ನೋಡಿ, "ಕಾಕಾ, ಕ್ಲಚ್ ಪ್ಲೇಟ್ ಗೇಲೀ" ಎಂದು ತೀರ್ಪು ಕೊಟ್ಟ. ಗೇರ್ ಬಾಕ್ಸ್ ಇಳಿಸಬೇಕಂತೆ, ನಾಲ್ಕು ದಿನ ಬೇಕಂತೆ. ರೈಲಿಗೆ ಹೋಗಬಹುದಿತ್ತು ನಿಜ. ಆದರೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಎಂಬತ್ತೆರಡರ ಮುದುಕಿಯನ್ನು ಆಟೋದಲ್ಲಿ ಕುಲುಕಾಡಿಸುತ್ತ ಆಸ್ಪತ್ರೆಗೂ ಮನೆಗೂ ತಿರುಗಿಸಲು ಮನಸ್ಸಾಗಲಿಲ್ಲ.

ನಾನು ಕಾಮರ್ಸ್ ಓದಿದವ, ಯಂತ್ರದ ವಿದ್ಯೆ ನನ್ನದಲ್ಲ. ಕಲಿತದ್ದೆಲ್ಲ ಗಾಡಿಯ ಕೈಪಿಡಿ ಓದಿ, ಗ್ಯಾರೇಜುಗಳ ಮುಂದೆ ಸ್ಟೂಲ್ ಹಾಕಿಕೊಂಡು ಕೂತು. ಆದರೆ ಬ್ಯಾಂಕಿನ ನೌಕರಿ ಒಂದು ಚಟ ಹಚ್ಚಿತ್ತು. ಲೆಕ್ಕ ತಾಳೆಯಾಗದಿದ್ದರೆ ಇಡೀ ಲೆಡ್ಜರ್ ಹೊಸದಾಗಿ ಬರೆಯುವುದಿಲ್ಲ, ವ್ಯತ್ಯಾಸ ಯಾವ ಪುಟದಲ್ಲಿ ಹುಟ್ಟಿತು ಅಂತ ಹುಡುಕುತ್ತೇವೆ.

ಕ್ಲಚ್ಚಿನ ಕೆಲಸ ತಿಳಿಯಲು ಎರಡು ಅಂಗೈಗಳ ನಡುವೆ ಒಣರೊಟ್ಟಿ ಹಿಡಿದಂತೆ ಕಲ್ಪಿಸಿಕೊಳ್ಳಿ. ಒಂದು ಕೈ ಎಂಜಿನ್ನಿನ ಫ್ಲೈವೀಲು, ಇನ್ನೊಂದು ಪ್ರೆಶರ್ ಪ್ಲೇಟು, ನಡುವಿನ ರೊಟ್ಟಿಯೇ ಕ್ಲಚ್ ಪ್ಲೇಟು. ಕೈಗಳು ಒತ್ತಿ ಹಿಡಿದರೆ ರೊಟ್ಟಿಯೂ ಜೊತೆಗೆ ತಿರುಗಿ ಗಾಲಿಗೆ ಶಕ್ತಿ ಮುಟ್ಟುತ್ತದೆ. ಪೆಡಲ್ ತುಳಿದರೆ ಕೈ ಸಡಿಲಾಗುತ್ತದೆ, ಆಗ ಗೇರು ಬದಲಿಸಬಹುದು. ಹಾಗಾಗಿ ಮುಖ್ಯ ರೋಗ ಎರಡೇ: ಹಿಡಿಯಬೇಕಾದಾಗ ಹಿಡಿಯದೆ ಜಾರುವುದು, ಬಿಡಬೇಕಾದಾಗ ಪೂರ್ತಿ ಬಿಡದಿರುವುದು. ಎರಡಕ್ಕೂ ಜನ "ಕ್ಲಚ್ ಹೋಗಿದೆ" ಎಂಬ ಒಂದೇ ಮಾತು ಹೇಳುತ್ತಾರೆ. ಗೊಂದಲ ಶುರುವಾಗುವುದು ಅಲ್ಲೇ.

ನಾನು ಎಂಜಿನ್ ಬಂದ್ ಮಾಡಿ ಒಂದೊಂದೇ ಗೇರು ಹಾಕಿ ನೋಡಿದೆ. ರಿವರ್ಸ್ ಸೇರಿ ಎಲ್ಲವೂ ಬೆಣ್ಣೆಯಂತೆ ಬಿದ್ದವು. ಅಂದರೆ ದೋಷ ಗೇರಿನದಲ್ಲ. ಎಂಜಿನ್ ಚಾಲೂ ಮಾಡಿದರೆ ಮತ್ತೆ ಕರ್ರ್. ಅಂದರೆ ಪೆಡಲ್ ತುಳಿದರೂ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಪೆಡಲನ್ನು ಕೈಯಿಂದ ಒತ್ತಿದೆ. ಬೆರಳಗಲಕ್ಕೆ ತುಸು ಹೆಚ್ಚು ಸಡಿಲಿರಬೇಕಾದದ್ದು ಮೂರು ಇಂಚು ಸುಮ್ಮನೆ ಕೆಳಗಿಳಿಯಿತು. ಈ ಗಾಡಿಯಲ್ಲಿ ಪೆಡಲಿಗೂ ಕ್ಲಚ್ಚಿಗೂ ನಡುವೆ ಇರುವುದು ಒಂದು ಉಕ್ಕಿನ ಕೇಬಲ್ಲು. ಬಾನೆಟ್ ಎತ್ತಿ ಟಾರ್ಚ್ ಹಿಡಿದರೆ, ಗೇರ್ ಬಾಕ್ಸಿನ ಲಿವರಿಗೆ ಸಿಕ್ಕಿಸಿದ ತುದಿಯಲ್ಲಿ ಕೇಬಲ್ಲಿನ ಎಳೆಗಳು ಕಡಿದು ಸವೆದ ಕಸಬರಿಗೆಯಂತೆ ಕೆದರಿದ್ದವು!

ಗ್ಯಾರೇಜಿನವನನ್ನು ಕರೆದು ತೋರಿಸಿದೆ. ಅವನೇನು ಮೋಸಗಾರನಲ್ಲ. ಗಡಿಬಿಡಿಯವ ಅಷ್ಟೇ. "ಬರೋಬರ್ ಆಹೆ ಕಾಕಾ" ಎಂದು ನಕ್ಕು ಒಂದು ತಾಸಿನಲ್ಲಿ ಹೊಸ ಕೇಬಲ್ ಹಾಕಿದ. ಖರ್ಚು ಕೆಲವೇ ನೂರು ರೂಪಾಯಿ. ಆದರೆ ನನಗೆ ದುಡ್ಡಿಗಿಂತ ಹೆಚ್ಚು ಮೈ ಜುಮ್ಮೆನಿಸಿದ್ದು ಬೇರೆ ವಿಚಾರ. ಹೊಸ ಪ್ಲೇಟಿಗೆ ಅದೇ ಹಳೆ ಕೇಬಲ್ ಸಿಕ್ಕಿಸಿ ಕಳಿಸಿದ್ದರೆ ಅದು ಖಂಬಾಟಕಿ ಘಾಟಿನ ಏರಿನಲ್ಲಿ, ಹಿಂದೆ ಲಾರಿಗಳ ಸಾಲು ಇರುವಾಗ, ಹರಿಯಬಹುದಿತ್ತು. ಶನಿವಾರ ಹೊರಟೆವು. ಸೋಮವಾರ ಅವ್ವನನ್ನು ನಮ್ಮ ಗಾಡಿಯಲ್ಲೇ ಆಸ್ಪತ್ರೆಗೆ ಕರೆದೊಯ್ದೆ.

ಹಾಗಂತ ಪ್ರತಿ ಸಲವೂ ಕೇಬಲ್ಲೇ ಕಾರಣ ಎಂದುಕೊಳ್ಳಬಾರದು. 2022ರಲ್ಲಿ ಊರಿಗೆ ಹೋಗುವಾಗ ನಿಪ್ಪಾಣಿ ದಾಟಿ ತವಂದಿ ಘಾಟಿನಲ್ಲಿ ಎಂಜಿನ್ ಭೋರ್ಗರೆಯಿತು, ಗಾಡಿಯ ವೇಗ ಮಾತ್ರ ಏರಲಿಲ್ಲ. ಜೊತೆಗೆ ಸುಟ್ಟ ಕಮಟು ವಾಸನೆ. ಇದು ಮೊದಲನೆಯ ರೋಗ, ಜಾರುವುದು. ನಿಧಾನಕ್ಕೆ ಧಾರವಾಡ ಮುಟ್ಟಿ ಪರೀಕ್ಷೆ ಮಾಡಿದೆ. ಸಮತಟ್ಟಾದ, ಮುಂದೆ ಯಾರೂ ಇಲ್ಲದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಬಿಗಿದು, ಮೂರನೇ ಗೇರು ಹಾಕಿ, ಕ್ಲಚ್ ಮೆಲ್ಲಗೆ ಬಿಡಬೇಕು. ಕ್ಲಚ್ ಗಟ್ಟಿಯಿದ್ದರೆ ಎಂಜಿನ್ ಉಸಿರು ಕಟ್ಟಿ ನಿಲ್ಲುತ್ತದೆ. ನಮ್ಮದು ನಿಲ್ಲಲಿಲ್ಲ. ಇದನ್ನು ಒಂದೇ ಸಲ, ನಾಲ್ಕೈದು ಸೆಕೆಂಡು ಮಾಡಿದರೆ ಸಾಕು, ಹೆಚ್ಚು ಮಾಡಿದರೆ ಉಳಿದ ಪ್ಲೇಟೂ ಸುಡುತ್ತದೆ.

ನಮ್ಮೂರ ಗ್ಯಾರೇಜಿನವನು ಪ್ರೀತಿಯಿಂದ, "ಯಾಕ ಸುಮ್ನ ಖರ್ಚು ಮಾಡ್ತೀರಿ ಸರ, ಕೇಬಲ್ ಒಂಚೂರು ಬಿಗಿ ಮಾಡೂಣು" ಅಂದ. ಅಪ್ಪನನ್ನು ಬಲ್ಲವನಾದ್ದರಿಂದ ನನ್ನ ರೊಕ್ಕ ಉಳಿಸುವ ಕಾಳಜಿ! ಆದರೆ ಜಾರುವ ಕ್ಲಚ್ಚಿಗೆ ಕೇಬಲ್ ಬಿಗಿದರೆ ಅದು ಮತ್ತಷ್ಟು ಜಾರುತ್ತದೆ. ಪೆಡಲಿನ ಸಡಿಲು ಸರಿಯಾಗಿಯೇ ಇತ್ತು. "ಬಿಚ್ಚಪಾ" ಎಂದೆ. ಬಿಚ್ಚಿದರೆ ಪ್ಲೇಟು ರಿವೆಟ್ಟಿನ ತನಕ ಸವೆದಿತ್ತು. ಗೇರ್ ಬಾಕ್ಸ್ ಇಳಿಸುವ ಕೂಲಿ ಹೇಗೂ ಒಂದೇ ಆದ್ದರಿಂದ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು ಮೂರನ್ನೂ ಬದಲಿಸಿದೆ. ನಂಬಿಕೆ ಬೇರೆ, ಪರೀಕ್ಷೆ ಬೇರೆ ಅಂತ ಅವತ್ತು ತಿಳಿಯಿತು.

ಹಳೆಯ ಗಾಡಿ ಇಟ್ಟುಕೊಂಡವರು ಇನ್ನೂ ಕೆಲವು ಗುರುತು ನೆನಪಿಡಬಹುದು. ಪೆಡಲ್ ತುಳಿದಾಗ ಮಾತ್ರ ಗುಂಯ್ ಎಂದರೆ ರಿಲೀಸ್ ಬೇರಿಂಗಿನ ಮೇಲೆ ಸಂಶಯ ಪಡಿ. ತುಳಿದಾಗ ಸದ್ದು ನಿಂತರೆ ಗೇರ್ ಬಾಕ್ಸಿನ ಬೇರಿಂಗು. ಹೊರಡುವಾಗ ಗಾಡಿ ಗಡಗಡ ನಡುಗಿದರೆ ಪ್ಲೇಟಿಗೆ ಎಣ್ಣೆ ಸೋರಿರಬಹುದು, ಎಂಜಿನ್ ಕೂರಿಸಿದ ರಬ್ಬರು ಹರಿದಿರಲೂಬಹುದು. ಕೇಬಲ್ ಬದಲು ಆಯಿಲ್ ಒತ್ತಡದ ಕ್ಲಚ್ಚಿದ್ದರೆ ಮೊದಲು ಆಯಿಲ್ ಎಷ್ಟಿದೆ ನೋಡಿ. ದಾರಿಯುದ್ದಕ್ಕೂ ಪೆಡಲಿನ ಮೇಲೆ ಕಾಲು ಇಟ್ಟುಕೊಂಡು ಓಡಿಸಬೇಡಿ. ಗ್ಯಾರೇಜಿಗೆ ಹೋದಾಗ "ಕ್ಲಚ್ ಹಾಕಿ ಕೊಡಿ" ಅನ್ನದೆ, ಯಾವಾಗ, ಯಾವ ಗೇರಿನಲ್ಲಿ, ಏನು ಸದ್ದು ಅಂತ ಹೇಳಿ. ಮರಾಠಿ ಹರಕುಮುರುಕಾದರೂ ನಡೆಯುತ್ತದೆ, ಸದ್ದಿಗೆ ಭಾಷೆ ಬೇಕಿಲ್ಲ.

2023ರ ನವೆಂಬರಿನಲ್ಲಿ ಒಂದು ರಾತ್ರಿ ಹತ್ತೂವರೆಗೆ ಪಕ್ಕದ ಮನೆಯವರ ಫೋನ್ ಬಂತು. ಹನ್ನೊಂದಕ್ಕೆ ನಾನೂ ಹೆಂಡತಿಯೂ ಹೊರಟೆವು. ಖಂಬಾಟಕಿ, ಕೊಲ್ಹಾಪುರ, ತವಂದಿ, ಬೆಳಗಾವಿ, ಎಲ್ಲಿಯೂ ಗಾಡಿ ತಕರಾರು ಮಾಡಲಿಲ್ಲ. ನಸುಕಿಗೆ ಅಂಗಳದಲ್ಲಿ ನಿಲ್ಲಿಸಿ ಒಳಗೆ ಹೋದಾಗ ಅವ್ವ ಕಣ್ಣು ಬಿಟ್ಟಳು. "ಬಂದ್ಯಾ?" ಅಂದಳು. ಎರಡು ಚಮಚ ನೀರು ಕುಡಿದಳು. ಮಧ್ಯಾಹ್ನದ ಹೊತ್ತಿಗೆ ಹೋದಳು.