ಮಾಸಿದ ಹಿಡಿ

ನಮ್ಮ ಡೆಂಕಣಿಕೋಟೆ, ತಳಿ ಸೀಮೆಯ ಹೊಲಗಳಿಗೆ ಕೊಯ್ಲಿನ ಯಂತ್ರ ಬರತೊಡಗಿದ ಮೇಲೆ ಕುಡುಗೋಲುಗಳು ಸೂರಿನ ಸಂದಿಯನ್ನು ಸೇರಿವೆ. ಆಯುಧಪೂಜೆಗೆಂದು ಹೊರತೆಗೆದಾಗ ಅಲಗಿನ ತುಕ್ಕನ್ನು ಎಲ್ಲರೂ ಉಜ್ಜುತ್ತಾರೆ; ಹಿಡಿಯನ್ನು ಕೇಳುವವರಿಲ್ಲ. ಬೂದಿ ಬಡಿದಂತಾದ ಅದನ್ನು ಕಿತ್ತು ಪ್ಲಾಸ್ಟಿಕ್ಕಿನದನ್ನು ಹಾಕಿಸುತ್ತಾರೆ, ಇಲ್ಲವೇ ಕೆಂಪು ಬಣ್ಣ ಬಳಿಯುತ್ತಾರೆ. ಎರಡೂ ಬೇಡವೆಂಬುದು ನಮ್ಮ ವಾದ.

ನೆರೆಯ ತಮಿಳರು ಹಿಡಿಯನ್ನು ‘ಪಿಡಿ’ ಎನ್ನುತ್ತಾರೆ. ಹಳಗನ್ನಡದಲ್ಲಿ ನಮ್ಮದೂ ‘ಪಿಡಿ’ಯೇ. ಪಕಾರವು ಹಕಾರವಾದ ಬಗೆಯನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಕೈಗೆಟುಕುವ ಉದಾಹರಣೆ ನಮಗೆ ದೊರೆತಿಲ್ಲ. ಅದಿರಲಿ.

ಮರದ ಬಣ್ಣ ಎಲ್ಲಿಗೂ ಹೋಗಿರುವುದಿಲ್ಲ. ಬಿಸಿಲಿನ ನೇರಳಾತೀತ ಕಿರಣಗಳು ನಾರುಗಳನ್ನು ಬೆಸೆದಿರುವ ಲಿಗ್ನಿನ್ ಎಂಬ ದ್ರವ್ಯವನ್ನು ಒಡೆಯುತ್ತವೆ. ಮಳೆನೀರು ಅದನ್ನು ತೊಳೆದೊಯ್ದು ಬೂದುಬಣ್ಣದ ನಾರಷ್ಟೇ ಮೇಲುಳಿಯುತ್ತದೆ. ಆ ಪದರ ಬಹಳ ತೆಳುವಾದದ್ದು. ಒಡೆದ ಗಾಜಿನ ಅಂಚಿನಿಂದ ನಾರಿನ ದಿಕ್ಕಿನಲ್ಲಿಯೇ ಕೆರೆದು, ನಯವಾದ ಉಪ್ಪುಕಾಗದದಿಂದ ತೀಡಿದರೆ, ಬೀಟೆಯಾದಲ್ಲಿ ನೇರಳೆ ಬೆರೆತ ಕಂದು, ಹಲಸಾದಲ್ಲಿ ಹೊಂಬಣ್ಣ ಎದ್ದು ಬರುತ್ತದೆ. ನೀರಿನಲ್ಲಿ ನೆನೆಹಾಕುವುದು ಮಾತ್ರ ಸಲ್ಲದು. ಮರ ಉಬ್ಬಿ, ಒಳಗಿನ ಕಬ್ಬಿಣ ತುಕ್ಕು ಹಿಡಿದು, ಹಿಡಿ ಸೀಳಿಹೋದೀತು.

ಇನ್ನು ಎಣ್ಣೆ. ಹರಳೆಣ್ಣೆ ಒಣಗುವ ಜಾತಿಯದಲ್ಲ, ಅಂಟಂಟಾಗಿ ಧೂಳು ಕೂಡಿಸಿಕೊಳ್ಳುತ್ತದೆ. ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ನಮ್ಮ ಕಡೆ ಬೆಳೆಯುವ ಹುಚ್ಚೆಳ್ಳಿನ ಎಣ್ಣೆಯೂ ನಿಧಾನವಾಗಿ ಒಣಗುವಂಥದೇ. ತೆಳ್ಳಗೆ ಸವರಿ, ಹೆಚ್ಚಾದುದನ್ನು ಒರೆಸಿ, ನೆರಳಿನಲ್ಲಿ ಕೆಲವು ದಿನ ಬಿಡಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆಯಬಾರದು. ತಾನಾಗಿ ಕಾದು ಹೊತ್ತಿಕೊಳ್ಳುವುದುಂಟು. ಕೊಂಬಿನ ಹಿಡಿಯ ದ್ರವ್ಯ ನಮ್ಮ ಉಗುರಿನದೇ. ಒಣಗಿ ಬಿಳುಚಿಕೊಂಡಿದ್ದರೆ ಎಣ್ಣೆ ತಿಕ್ಕುವುದೇ ಅದಕ್ಕೆ ಔಷಧ.

ಇಷ್ಟೆಲ್ಲ ಹೇಳಿದ ನಾವು ತೀರ್ಥರೂಪರ ಕುಡುಗೋಲಿನ ಹಿಡಿಯಲ್ಲಿ ಒಂದು ಕಡೆಗೆ ಮಾತ್ರ ಗಾಜನ್ನು ಸೋಕಿಸಲಿಲ್ಲ. ಅವರು ಎಡಚರು. ಹೆಬ್ಬೆರಳು ಒತ್ತುತ್ತಿದ್ದ ಜಾಗ ತಗ್ಗಾಗಿ, ಎಷ್ಟೋ ಕೊಯ್ಲುಗಳ ಬೆವರಿನಿಂದ ಕಪ್ಪಾಗಿದೆ. ಮಗ, “ಅಪ್ಪಾ, ಅದೊಂದು ಕಲೆ ಉಳಿಯಿತಲ್ಲ, ಅದನ್ನೂ ತೆಗೆದುಬಿಡಿ” ಎಂದ. ನಾವು ಕುಡುಗೋಲನ್ನು ಅವನ ಎಡಗೈಗೆ ಕೊಟ್ಟೆವು. ಹೆಬ್ಬೆರಳು ತಾನಾಗಿ ಆ ತಗ್ಗಿನಲ್ಲಿ ಕುಳಿತಿತು. ಅವನು ಮತ್ತೆ ಆ ಮಾತೆತ್ತಲಿಲ್ಲ.

ಎಣ್ಣೆ ಕುಡಿದ ಬೀಟೆ ಈಗ ಚೆನ್ನಾಗಿ ಮಿನುಗುತ್ತಿದೆ. ಯಂತ್ರ ತಲುಪದ ಬದುವಿನಂಚಿನ ರಾಗಿಯನ್ನು ಈ ಸಲ ಅದರಲ್ಲಿಯೇ ಕೊಯ್ದೆವು.