ಚಿಗವ್ವನಿಗೆ ಹೇಳಿದ ಸಂಖ್ಯೆ

ಕಮಲಾಪುರದಲ್ಲಿರುವ ನನ್ನ ಚಿಗವ್ವನ ರಕ್ತದಲ್ಲಿ ಐಎಲ್-6 ವಿಪರೀತ ಹೆಚ್ಚಿದೆ ಎಂದು ನಾನು ಹೇಳಿದ್ದು ಸುಳ್ಳಾಗಿತ್ತು. ಬೇಕೆಂದು ಹೇಳಿದ ಸುಳ್ಳಲ್ಲ. ಆದರೆ ಅದನ್ನು ನಂಬಿ ಆಕೆ ಸಂಧಿವಾತದ ಗುಳಿಗೆ ಬಿಟ್ಟಳು.

ಐಎಲ್-6 ಅಂದರೆ ಇಂಟರ್‌ಲ್ಯೂಕಿನ್-6. ಮೈಯೊಳಗೆ ಉರಿಯೂತ ಎದ್ದಾಗ ರೋಗನಿರೋಧಕ ಕೋಶಗಳು ಸುದ್ದಿ ಮುಟ್ಟಿಸಲು ಹೊರಬಿಡುವ ಪ್ರೋಟೀನು. ಸಿಆರ್‌ಪಿ ಎಂಬ ಉರಿಯೂತಸೂಚಕ ಪ್ರೋಟೀನು ತಯಾರಿಸು ಎಂದು ಯಕೃತ್ತಿಗೆ ಹೇಳುವುದೂ ಇದೇ. ಜಪಾನಿನ ಕಿಶಿಮೊಟೊ ಮತ್ತು ಹಿರಾನೊ ಅವರ ತಂಡ 1986ರಲ್ಲಿ ಇದರ ಜೀನ್ ಪತ್ತೆ ಮಾಡಿತು. ನಮ್ಮ ಕಡೆ ಮಂದಿಗೆ ಈ ಹೆಸರು ಪರಿಚಯವಾದದ್ದು ಮಾತ್ರ ಕೊರೊನಾದಲ್ಲಿ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯ ವೃದ್ಧರೊಬ್ಬರದು. ಮರುವರ್ಷದ ಎರಡನೇ ಅಲೆಯಲ್ಲಿ ಎಷ್ಟೋ ಮನೆಗಳ ಮೊಬೈಲಿನಲ್ಲಿ ಐಎಲ್-6 ವರದಿಗಳು ಓಡಾಡಿದವು.

ಆರೋಗ್ಯವಂತರ ರಕ್ತದಲ್ಲಿ ಇದು ಮಿಲಿಲೀಟರಿಗೆ ಕೆಲವೇ ಪಿಕೋಗ್ರಾಂ. ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು ಒಂದು ಪಿಕೋಗ್ರಾಂ. ಇಷ್ಟು ಕಡಿಮೆ ಇರುವುದನ್ನು ಎಲೈಸಾ ಎಂಬ ಪರೀಕ್ಷೆಯಲ್ಲಿ ಹಿಡಿಯಲು ಎರಡು ಪ್ರತಿಕಾಯ ಬೇಕು. ಒಂದನ್ನು ತಟ್ಟೆಯ ಗುಳಿಗಳ ತಳಕ್ಕೆ ಅಂಟಿಸುತ್ತೇವೆ. ಅದು ಪ್ರೋಟೀನನ್ನು ಹಿಡಿಯುತ್ತದೆ. ಮೇಲಿನಿಂದ ಇನ್ನೊಂದು ಬಂದು ಅದೇ ಪ್ರೋಟೀನಿನ ಬೇರೆ ಭಾಗಕ್ಕೆ ಕೂರುತ್ತದೆ. ಎರಡನೆಯದರ ಬೆನ್ನಿಗೆ ಕಿಣ್ವ ಇರುತ್ತದೆ. ಬಣ್ಣ ಬರಿಸುವ ದ್ರಾವಣ ಹಾಕಿದರೆ ನೀಲಿ, ಆಮ್ಲ ಹಾಕಿ ನಿಲ್ಲಿಸಿದರೆ ಹಳದಿ. ಹಳದಿ ಗಾಢವಾದಷ್ಟೂ ಐಎಲ್-6 ಹೆಚ್ಚು.

ನನ್ನ ಸಂಶೋಧನೆಗೆ ಚಿಗವ್ವನೂ ಸೇರಿದಂತೆ ಸಂಧಿವಾತದವರ ರಕ್ತದಲ್ಲಿ ಐಎಲ್-6 ಅಳೆಯಬೇಕಿತ್ತು. ಪೂರ್ತಿ ಕಿಟ್ ದುಬಾರಿ. ನಾನು ಪ್ರತಿಕಾಯಗಳ ಜೋಡಿಯನ್ನಷ್ಟೇ ತರಿಸಿ, ರಕ್ತದ ಸೀರಮ್ ತೆಳು ಮಾಡುವ ದ್ರಾವಣವನ್ನು ನಾನೇ ಕಲಸಿಕೊಂಡೆ. ಸಂಧಿವಾತದವರ ಗುಳಿಗಳೆಲ್ಲ ಗಾಢ ಹಳದಿಗೆ ತಿರುಗಿದಾಗ ಆದ ಖುಷಿ ಈಗಲೂ ನೆನಪಿದೆ. ನಾನು ಬಯಸಿದ ಉತ್ತರವೇ ಬಂದಿತ್ತು, ಹಾಗಾಗಿ ಪ್ರಶ್ನೆ ಕೇಳಲಿಲ್ಲ. ಊರಿಗೆ ಹೋದಾಗ ಚಿಗವ್ವನಿಗೂ ಹೇಳಿಬಿಟ್ಟೆ.

“ಕೊರೊನಾದಾಗ ನಿಮ್ಮ ಕಾಕಾಗ ಬರದಿದ್ರಲ್ಲ, ಅದೇ ಏನಪಾ?” ಎಂದು ಕೇಳಿದಳು.

“ಹೌದು, ಅದೇ” ಎಂದೆ. ಕಾಕಾ ಉಳಿದಿರಲಿಲ್ಲ. ಆ ಒಂದು ಹೆಸರು ಆಕೆಗೆ ಏನು ಹೇಳುತ್ತದೆ ಎಂದು ಯೋಚಿಸದೆ ಬಸ್ಸು ಹತ್ತಿದೆ.

ಅಂಕಿಗಳನ್ನು ನೋಡಿದ ನನ್ನ ಮಾರ್ಗದರ್ಶಕರು ಎರಡು ಕೆಲಸ ಹಚ್ಚಿದರು. ಸೀರಮ್ ಅನ್ನು ಇನ್ನೂ ತೆಳು ಮಾಡಿ ಅಳೆ. ಜೊತೆಗೆ ತಳದ ಪ್ರತಿಕಾಯ ಯಾವ ಪ್ರಾಣಿಯದೋ ಅದೇ ಪ್ರಾಣಿಯ, ಆದರೆ ಐಎಲ್-6ಕ್ಕೆ ಸಂಬಂಧವೇ ಇಲ್ಲದ ಪ್ರತಿಕಾಯವನ್ನು ಕೆಲವು ಗುಳಿಗಳಿಗೆ ಅಂಟಿಸಿ ನೋಡು. ಎರಡು ಪಟ್ಟು ತೆಳು ಮಾಡಿದರೆ ಅರ್ಧಕ್ಕಿಳಿಯಬೇಕಾದ ಅಂಕಿ ಅದಕ್ಕೂ ಬಹಳ ಕೆಳಗೆ ಕುಸಿಯಿತು. ಸಂಬಂಧವಿಲ್ಲದ ಪ್ರತಿಕಾಯದ ಗುಳಿಗಳೂ ಅಷ್ಟೇ ಹಳದಿಯಾದವು. ಐಎಲ್-6 ಹಿಡಿಯುವಂಥದ್ದೇನೂ ಅಲ್ಲಿರಲಿಲ್ಲ.

ಕಾರಣ ರುಮಟಾಯ್ಡ್ ಫ್ಯಾಕ್ಟರ್. ಸಂಧಿವಾತದವರಲ್ಲಿ ಬಹಳಷ್ಟು ಮಂದಿಯ ರಕ್ತದಲ್ಲಿರುವ ಇದೂ ಒಂದು ಪ್ರತಿಕಾಯವೇ. ಬೇರೆ ಪ್ರತಿಕಾಯಗಳ ಬಾಲಕ್ಕೆ ಅಂಟಿಕೊಳ್ಳುತ್ತದೆ, ಅವು ಪ್ರಾಣಿಗಳವಾದರೂ ಬಿಡುವುದಿಲ್ಲ. ಇದಕ್ಕೆ ಹಲವು ಕೈ. ತಳದ ಪ್ರತಿಕಾಯವನ್ನು ಒಂದರಿಂದ, ಮೇಲಿನದನ್ನು ಇನ್ನೊಂದರಿಂದ ಹಿಡಿದರೆ ನಡುವೆ ಐಎಲ್-6 ಇಲ್ಲದೆಯೂ ಬಣ್ಣ ಬರುತ್ತದೆ. ನನ್ನನ್ನು ಹೆಚ್ಚು ಕುಗ್ಗಿಸಿದ್ದು ಬೇರೆ. ನಾರ್ವೆಯ ಎರಿಕ್ ವಾಲರ್ 1940ರಲ್ಲಿ ಈ ಫ್ಯಾಕ್ಟರನ್ನು ವಿವರಿಸಿದ್ದೇ ಮೊಲದ ಪ್ರತಿಕಾಯ ಹೊದಿಸಿದ ಕುರಿಯ ರಕ್ತಕಣಗಳು ಅದರಿಂದ ಗುಂಪುಗಟ್ಟುವುದನ್ನು ಕಂಡು. ಅದರಿಂದ ಬಂದ ವಾಲರ್-ರೋಸ್ ಪರೀಕ್ಷೆಯ ಬಗ್ಗೆ ಎಂ.ಎಸ್ಸಿ.ಯಲ್ಲಿ ಪುಟಗಟ್ಟಲೆ ಬರೆದು ಅಂಕ ಪಡೆದವನು ನಾನು. ಅದೇ ನನ್ನ ತಟ್ಟೆಯಲ್ಲಿ ನಡೆದಾಗ ಗುರುತು ಹಿಡಿಯಲಿಲ್ಲ.

ಪ್ರಾಣಿಗಳ ಸಾಮಾನ್ಯ ಪ್ರತಿಕಾಯವನ್ನು ದ್ರಾವಣಕ್ಕೆ ಧಾರಾಳವಾಗಿ ಸೇರಿಸಿದರೆ ಫ್ಯಾಕ್ಟರ್ ಅದಕ್ಕೇ ಅಂಟಿಕೊಂಡು ಸುಮ್ಮನಾಗುತ್ತದೆ. ಹಾಗೆ ಮಾಡಿ ಮತ್ತೆ ಅಳೆದೆ. ಚಿಗವ್ವನ ಸಂಖ್ಯೆ ಆರೋಗ್ಯವಂತರ ಮಟ್ಟದ ಹತ್ತಿರಕ್ಕೆ ಇಳಿಯಿತು. ವಾರಕ್ಕೊಮ್ಮೆಯ ಮೆಥೋಟ್ರೆಕ್ಸೇಟ್ ಗುಳಿಗೆ ಆಕೆಗೆ ಚೆನ್ನಾಗಿಯೇ ಹತ್ತಿತ್ತು.

ಅಷ್ಟರಲ್ಲಿ ಆಕೆಯೇ ಕಲಬುರಗಿಗೆ ಬಂದಳು. ಸೂಪರ್ ಮಾರ್ಕೆಟ್‌ ಸ್ಟಾಪಿನಲ್ಲಿ ಬಸ್ಸಿಳಿದವಳ ಬೆರಳ ಗೆಣ್ಣುಗಳು ಊದಿದ್ದವು. ಕೈಚೀಲವನ್ನು ಮೊಣಕೈಗೆ ತೂಗುಹಾಕಿಕೊಂಡಿದ್ದಳು.

“ಗುಳಿಗಿ ತಿಂದ್ರೂ ಅಷ್ಟ್ ಬಂದದ ಅಂದಿ. ಮತ್ಯಾಕ ತಿನ್ಲಿ ಅಂತ ಬಿಟ್ಟೀನಿ.”

ಅಲ್ಲೇ ಔಷಧ ಅಂಗಡಿಯ ಕಟ್ಟೆಯ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದೆ: ಹೆಚ್ಚಿದ್ದದ್ದು ಐಎಲ್-6 ಅಲ್ಲ, ತಪ್ಪು ನನ್ನ ಪರೀಕ್ಷೆಯದು, ಗುಳಿಗೆ ಕೆಲಸ ಮಾಡುತ್ತಿತ್ತು.

“ಈ ಸಲದ್ದರೆ ಖರೇ ಏನು?” ಎಂದಳು.

ಹೇಗೆ ಖಾತ್ರಿ ಮಾಡಿಕೊಂಡೆ ಎಂಬುದನ್ನು ವಿವರಿಸಿದೆ. ಆದರೂ ಇದು ಸಂಶೋಧನೆಗೆ ಮಾಡಿದ ಅಳತೆ, ಇದನ್ನು ನೋಡಿ ಗುಳಿಗೆ ಹಿಡಿಯುವುದೂ ಬೇಡ ಬಿಡುವುದೂ ಬೇಡ, ಅದನ್ನು ಡಾಕ್ಟರೇ ಹೇಳಬೇಕು ಎಂದೆ. ಆಕೆ ಎದ್ದಳು. ಕೈಚೀಲ ನಾನು ತೆಗೆದುಕೊಂಡೆ. ಡಾಕ್ಟರ ಬಳಿ ಪಾಳಿ ಹಚ್ಚಿ, ಗುಳಿಗೆ ಯಾಕೆ ಬಿಟ್ಟಳೆಂಬುದನ್ನು ನಾನೇ ಅವರಿಗೆ ಹೇಳಿದೆ.