ಅಕ್ಕನ ಅರ್ಜಿ

ನಮ್ಮ ಮನೆಯಲ್ಲಿ ಕೋಚಿಂಗ್ ಎಂದರೆ ಒಂದೇ ಅರ್ಥ. ವಿಜಯನಗರದಲ್ಲೋ ಧಾರವಾಡದಲ್ಲೋ ರೂಮು ಮಾಡಿಕೊಂಡು ಕೆಎಎಸ್‌ಗೆ ಓದುವುದು. ಹಾಗಾಗಿ ಮೂವತ್ತೈದು ವರ್ಷದ ಅಕ್ಕ, 'ಕೋಚಿಂಗ್ ತಗೋಬೇಕು ಅಂತಿದೀನಿ, ಕಂಪನಿಯವರ ಹತ್ರಾನೇ ದುಡ್ಡು ಕೇಳ್ತೀನಿ' ಎಂದಾಗ ಅಪ್ಪ ಗಾಬರಿಯಾದರು. 'ಈಗ ಯಾವ ಪರೀಕ್ಷೆನಮ್ಮಾ?'

ಪರೀಕ್ಷೆಯೇನೋ ಇತ್ತು, ಆದರೆ ಹಾಲ್‌ ಟಿಕೆಟ್ ಇಲ್ಲದ್ದು. ಹೆರಿಗೆ ರಜೆ ಮುಗಿಸಿ ಹೋದವಳ ಕೈಗೆ ಕಂಪನಿ ಹದಿನಾಲ್ಕು ಜನರ ತಂಡ ಕೊಟ್ಟಿತ್ತು. ಅವಳಿಗೆ ಕೆಲಸ ಮಾಡುವುದು ಬರುತ್ತದೆ, ಕೆಲಸ ಹೇಳುವುದು ಬರುವುದಿಲ್ಲ. ಯಾರಿಗೂ 'ಆಗಲ್ಲ' ಅನ್ನಲಾರದೆ, ಮಗು ಮಲಗಿದ ಮೇಲೆ ತಾನೇ ಕೂತು ಎಲ್ಲರ ಕೆಲಸ ಮುಗಿಸುತ್ತಿದ್ದಳು. ರಾಜೀನಾಮೆ ಪತ್ರ ಲ್ಯಾಪ್‌ಟಾಪಿನಲ್ಲಿ ಸಿದ್ಧವಾಗಿತ್ತು. ಗೃಹಸಾಲದ ಕಂತು ಅವಳನ್ನು ತಡೆದಿತ್ತು, ಅಷ್ಟೆ. ಇಂಥ ತೊಡಕುಗಳ ಬಗ್ಗೆ ಎದುರು ಕೂತು ಮಾತಾಡಿಸುವ, ದಾರಿ ಹುಡುಕಲು ಜೊತೆಯಾಗುವ ಕೋಚ್ ಒಬ್ಬರ ಪರಿಚಯ ಗೆಳತಿಯಿಂದ ಸಿಕ್ಕಿತ್ತು. ಆರು ಭೇಟಿಗೆ ಅರವತ್ತು ಸಾವಿರ ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ.

ಪತ್ರ ನನ್ನ ಕೈಗೆ ಬಂದದ್ದು ನನ್ನ ಪಿಎಚ್‌ಡಿಯ ದೆಸೆಯಿಂದ. ನಾನು ಓದುತ್ತಿರುವುದು ಮೈಸೂರು ಸಂಸ್ಥಾನದ ಕಾಲದ ಅರ್ಜಿಗಳನ್ನು. 1881ರಲ್ಲಿ ದಿವಾನ್ ರಂಗಾಚಾರ್ಲು ಶುರುಮಾಡಿದ ಪ್ರಜಾಪ್ರತಿನಿಧಿ ಸಭೆಗೆ ಊರೂರುಗಳಿಂದ ಬಂದವರು ಕೆರೆ, ರಸ್ತೆ, ಕಂದಾಯದ ಅಹವಾಲುಗಳನ್ನು ಮುಂದಿಡುತ್ತಿದ್ದರು. ಅಂಥ ಕಾಗದಗಳನ್ನು ನಾಲ್ಕು ವರ್ಷ ಓದಿದ ಮೇಲೆ ನನಗೆ ಎರಡು ಬಗೆ ಕಾಣಿಸುತ್ತವೆ. ಒಂದು, ಕಷ್ಟ ತೋಡಿಕೊಂಡು ಕರುಣೆ ಕೇಳುವುದು. ಇನ್ನೊಂದು, ಕೆರೆಯ ಏರಿ ಭದ್ರವಾದರೆ ಗದ್ದೆ ಉಳಿಯುತ್ತದೆ, ಗದ್ದೆ ಉಳಿದರೆ ಕಂದಾಯವೂ ಉಳಿಯುತ್ತದೆ ಎಂದು ಲೆಕ್ಕ ಒಪ್ಪಿಸುವುದು. ಎರಡರಲ್ಲೂ ನೀರು ಬೇಕಾದದ್ದು ಊರಿಗೇ.

ಅಕ್ಕನ ಮೊದಲ ಕರಡು ಪೂರ್ತಿ ಒಂದನೇ ಬಗೆಯದು. 'ನನ್ನಲ್ಲಿ ಆತ್ಮವಿಶ್ವಾಸ ಕಡಿಮೆ, ದಯವಿಟ್ಟು ಅವಕಾಶ ಕೊಡಿ' ಎಂಬ ಧಾಟಿ. ಓದಿ ನನಗೆ ಹೊಟ್ಟೆ ಉರಿಯಿತು. ಹನ್ನೊಂದು ವರ್ಷ ದುಡಿದವಳು ತನ್ನ ಕೊರತೆಯನ್ನು ತಾನೇ ಬರೆದು ಸಹಿ ಹಾಕುವುದೇ?

ಪತ್ರವನ್ನು ಸರಿದಾರಿಗೆ ತಂದವರು ಮಾತ್ರ ಅಪ್ಪ. ಅವರು ಸಾರಿಗೆ ನಿಗಮದಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದವರು. 'ನಮಗೂ ಡಿಪೋದಲ್ಲಿ ತರಬೇತಿ ಕೊಡೋರು. ಡೀಸೆಲ್ ಉಳಿಸೋದು ಹೇಗೆ, ಕ್ಲಚ್ ಮೇಲೆ ಕಾಲಿಟ್ಟುಕೊಂಡು ಓಡಿಸಬಾರದು ಅಂತ. ಬಸ್ಸು ಅವರದು, ಡೀಸೆಲ್ ಅವರದು. ನಾವು ಕಲಿತರೆ ಅವರಿಗೇ ಉಳಿತಾಯ. ಅದಕ್ಕೆ ಯಾರಾದರೂ ಕೈಮುಗಿದು ಕೇಳ್ತಾರಾ?' ಎಂದರು.

ಆಮೇಲೆ ಪತ್ರ ಅರ್ಧ ಪುಟಕ್ಕೆ ಇಳಿಯಿತು. ತಂಡದಲ್ಲಿ ಎಷ್ಟು ಜನ, ಎರಡು ಪ್ರಾಜೆಕ್ಟ್ ಯಾಕೆ ತಡವಾದವು, ಆರು ಭೇಟಿಗಳಲ್ಲಿ ಯಾವ ಮೂರು ವಿಷಯ ಕಲಿಯಬೇಕು, ಖರ್ಚೆಷ್ಟು, ಮೂರನೇ ಭೇಟಿಯ ನಂತರ ಪ್ರಯೋಜನ ಕಾಣದಿದ್ದರೆ ನಿಲ್ಲಿಸಬಹುದು. 'ದಯವಿಟ್ಟು' ಒಂದೇ ಸಲ. ಕಳಿಸಿದ್ದು ಏಪ್ರಿಲ್ ಮೊದಲ ವಾರ, ಹೊಸ ವರ್ಷದ ತರಬೇತಿ ಬಜೆಟ್ಟು ಇನ್ನೂ ಖರ್ಚಾಗದಿದ್ದಾಗ.

ಅಕ್ಕನಿಗೆ ಇನ್ನೊಂದು ಭಯವಿತ್ತು. ಕೋಚ್‌ಗೆ ಸಂಬಳ ಕೊಡುವುದು ಕಂಪನಿ. ಅವರ ಮುಂದೆ ಅತ್ತರೆ ಆ ಅಳು ಎಲ್ಲಿಗೆ ಹೋಗುತ್ತದೆ? ಈ ವೃತ್ತಿಯವರ ಅಂತರರಾಷ್ಟ್ರೀಯ ಸಂಘಟನೆಯಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ 1995ರಷ್ಟು ಹಿಂದಿನದು. ಅದರ ನೀತಿಸಂಹಿತೆಯಲ್ಲಿ ಕಲಿಯುವವರು ಬೇರೆ, ಹಣ ಕೊಡುವವರು ಬೇರೆ. ಯಾವ ಮಾಹಿತಿ ಯಾರಿಗೆ ಹೋಗಬೇಕು ಎಂಬುದು ಮೊದಲೇ ಒಪ್ಪಂದವಾಗಬೇಕು. ಅಕ್ಕ ಅದನ್ನೇ ಹಿಡಿದು ಕೇಳಿದಳು. ಭೇಟಿ ನಡೆಯಿತೇ ಇಲ್ಲವೇ ಎಂಬುದಷ್ಟೇ ಕಂಪನಿಗೆ, ಆಡಿದ ಮಾತು ಕೋಣೆಯಲ್ಲೇ ಎಂದು ಬರವಣಿಗೆಯಲ್ಲಿ ಬಂತು.

ಹಣ ಮಂಜೂರಾಯಿತು, ಒಂದು ಷರತ್ತಿನೊಂದಿಗೆ: ವರ್ಷದೊಳಗೆ ಕೆಲಸ ಬಿಟ್ಟರೆ ಪೂರ್ತಿ ಮೊತ್ತ ವಾಪಸ್. ರಾಜೀನಾಮೆ ಬರೆದಿಟ್ಟವಳು ಇದಕ್ಕೆ ಸಹಿ ಹಾಕುವುದು ಹೇಗೆ? ಎರಡು ದಿನ ಯೋಚಿಸಿ ಫೋನ್ ಮಾಡಿದಳು. 'ಬಿಟ್ಟು ಹೋಗ್ಬೇಕು ಅನ್ಸೋದು ಕೆಲಸ ಇಷ್ಟ ಇಲ್ಲದ್ದಕ್ಕೋ, ಕೈಲಾಗ್ತಿಲ್ಲ ಅನ್ನೋದಕ್ಕೋ, ಅದೇ ಗೊತ್ತಾಗ್ತಿಲ್ಲ ಕಣೇ. ಗೊತ್ತಾಗೋಕಾದ್ರೂ ಒಂದು ವರ್ಷ ಇರ್ತೀನಿ.' ತಿಂಗಳು ಕಳೆದಂತೆ ವಾಪಸ್ ಕೊಡಬೇಕಾದ ಮೊತ್ತವೂ ಹನ್ನೆರಡನೇ ಒಂದರಂತೆ ಇಳಿಯಬೇಕು ಎಂದು ಕೇಳಿ, ಒಪ್ಪಿಸಿಕೊಂಡೇ ಸಹಿ ಹಾಕಿದಳು. ಕೋಚಿಂಗ್ ಶುರುವಾಗುವ ಮೊದಲೇ ಮೊದಲ ಪಾಠ ಮುಗಿದಿತ್ತೇನೋ.

ನಾಲ್ಕನೇ ಭೇಟಿಯ ವಾರ, ಶನಿವಾರ ರಾತ್ರಿ ಒಂಬತ್ತಕ್ಕೆ ಮ್ಯಾನೇಜರ್ ಮೀಟಿಂಗ್ ಕರೆದರಂತೆ. ಅಕ್ಕ, 'ಆಗಲ್ಲ ಸರ್, ಸೋಮವಾರ ಬೆಳಿಗ್ಗೆ ಮಾತಾಡೋಣ' ಎಂದಳಂತೆ. ಕಂಪನಿಯ ದುಡ್ಡಿನಲ್ಲಿ ಕಲಿತ 'ಆಗಲ್ಲ' ಮೊದಲು ಕಂಪನಿಗೇ ಸಂದಾಯವಾಯಿತು. ಅದು ನಷ್ಟವಲ್ಲ ಎಂದು ಅವರಿಗೂ ತಿಳಿದಿರಬೇಕು. ಸೋಮವಾರ ಮೀಟಿಂಗ್ ನಡೆಯಿತು.

ನನ್ನ ಫೆಲೋಶಿಪ್ಪಿನಲ್ಲಿ ಮೂರನೇ ವರ್ಷದಿಂದ ವರ್ಷಕ್ಕೆ 20,500 ರೂಪಾಯಿ ಕಂಟಿಂಜೆನ್ಸಿ ಇದೆ. ಜೆರಾಕ್ಸಿಗೆ, ಟೈಪಿಂಗಿಗೆ, ಪುಸ್ತಕಕ್ಕೆ ಬಿಲ್ಲು ಕೊಟ್ಟರೆ ಹಣ ಬರುತ್ತದೆ. ಪ್ರಬಂಧವನ್ನು ಕಟ್ಟುವುದು ಹೇಗೆಂದು ಬಲ್ಲವರ ಹತ್ತಿರ ಕೂತು ಕಲಿಯಲು ಕೇಳಿದವರು ನಮ್ಮ ವಿಭಾಗದಲ್ಲಿ ಯಾರೂ ಇಲ್ಲ. ಮಾರ್ಗದರ್ಶಕರ ಸಹಿಗೆಂದು ನಿನ್ನೆ ಒಂದು ಕರಡು ಸಿದ್ಧಮಾಡಿದ್ದೇನೆ. ಅರ್ಧ ಪುಟ, 'ದಯವಿಟ್ಟು' ಒಂದೇ ಸಲ.